ಬ್ಯಾಂಕಾಕಿನ ಬಿಸಿಲು, ಅಮ್ಮನ ತಣ್ಣನೆಯ ಚಾ

ಬ್ಯಾಂಕಾಕಿನ ವಿಮಾನ ನಿಲ್ದಾಣಕ್ಕೆ ಸುವರ್ಣಭೂಮಿ ಎಂದು ಹೆಸರು. ಅದನ್ನು ಕೇಳಿದಾಗ ಅಮ್ಮನ ಮುಖದಲ್ಲಿ ಸಣ್ಣದೊಂದು ಸಮಾಧಾನ ಕಂಡಿತು. ಊರಿನ ಹೆಸರೇ ಅರ್ಥವಾದರೆ ಅಲ್ಲಿ ಅನ್ನ ನೀರು ಸಿಗದೇ ಇರಲಿಕ್ಕಿಲ್ಲ ಎಂಬುದು ಅವಳ ಲೆಕ್ಕ. ಆದರೆ ಬಾಗಿಲು ತೆರೆದು ಹೊರಗೆ ಕಾಲಿಟ್ಟದ್ದೇ ತಡ, ಏಪ್ರಿಲ್ ತಿಂಗಳ ಧಗೆ ಮುಖಕ್ಕೆ ಬಡಿಯಿತು. ಪುತ್ತೂರಿನ ಸೆಕೆಯಲ್ಲಿ ಎಪ್ಪತ್ತೆರಡು ಬೇಸಿಗೆ ಕಳೆದ ಅಮ್ಮನೂ ‘ಇದೆಂತ ಸೆಕೆ ಮಾರಾಯ!’ ಎಂದು ಸೆರಗಿನಿಂದ ಗಾಳಿ ಬೀಸಿಕೊಂಡಳು.

ತಮ್ಮ ಅಲ್ಲಿ ಕೆಲಸಕ್ಕೆ ಸೇರಿ ಆರು ವರ್ಷ. ಪ್ರತಿ ವರ್ಷ ಕರೆಯುತ್ತಿದ್ದ. ಪ್ರತಿ ವರ್ಷವೂ ‘ಬರುವ ವರ್ಷ ನೋಡುವ’ ಎಂದು ಅಪ್ಪ ಮುಂದೂಡುತ್ತಿದ್ದರು. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾದ ಮೇಲೆ, ಕಳೆದ ಬಿಸುವಿನ ಹೊತ್ತಿಗೆ, ಅಮ್ಮನನ್ನು ನಾನೇ ಹೊರಡಿಸಿಕೊಂಡು ಹೋದೆ. ಅವಳಿಗೆ ಊರು ತೋರಿಸುವುದಕ್ಕಿಂತ ಮನೆಯಿಂದ ಅವಳನ್ನು ಸ್ವಲ್ಪ ದಿನ ಬಿಡಿಸಿ ತರುವುದೇ ನಮ್ಮ ಉದ್ದೇಶವಾಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ಜಗಲಿಯಲ್ಲಿ ಕೂತು ಚಾ ಕುಡಿಯುವುದು ಐವತ್ತು ವರ್ಷದ ಅಭ್ಯಾಸ. ಅಪ್ಪ ಹೋದ ಮೇಲೆ ಅಮ್ಮ ಚಾ ಬಿಟ್ಟಳು. ವ್ರತವೇನೂ ಅಲ್ಲ. ‘ಒಬ್ಬಳಿಗೆಂತ ಚಾ’ ಎಂದಷ್ಟೇ ಹೇಳಿದಳು. ಮೂರು ಗಂಟೆಗೆ ಒಳಗೆ ಹೋಗಿ ಮಲಗುವುದು ರೂಢಿಯಾಯಿತು. ಆದರೂ ತಮ್ಮನಿಗೆಂದು ಚೀಲದಲ್ಲಿ ಒಂದು ಕಿಲೋ ಚಾಹುಡಿ ಕಟ್ಟಿಕೊಳ್ಳಲು ಮರೆತಿರಲಿಲ್ಲ.

ತಮ್ಮನ ಮನೆ ಸೀಲೋಂ ರಸ್ತೆಯ ಹತ್ತಿರದ ಒಂದು ಗಲ್ಲಿಯಲ್ಲಿ. ಅಲ್ಲಿ ಗಲ್ಲಿಗೆ ‘ಸೊಯ್’ ಎನ್ನುತ್ತಾರೆ. ನಡೆದು ಹೋಗುವಷ್ಟು ದೂರದಲ್ಲಿ ಮಾರಿಯಮ್ಮನ ದೇವಸ್ಥಾನವಿದೆ. ತಮಿಳು ವಲಸಿಗರು 1879ರ ಸುಮಾರಿಗೆ ಕಟ್ಟಿದ್ದು. ಗೋಪುರ ನೋಡಿದರೆ ಮಧುರೆಯ ಕಡೆಯ ಯಾವುದೋ ಬೀದಿಗೆ ಬಂದ ಹಾಗಾಗುತ್ತದೆ. ಥಾಯ್ ಜನ ಇದನ್ನು ‘ವಟ್ ಖೇಕ್’ ಎನ್ನುತ್ತಾರೆ. ಖೇಕ್ ಎಂದರೆ ಅತಿಥಿ; ನಮ್ಮ ಕಡೆಯಿಂದ ಹೋದವರಿಗೂ ಅದೇ ಹೆಸರು. ಹೂವಿನ ಹಾರ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಥಾಯ್ ಜನರೇ ಬಹಳ.

ಎರಡನೆಯ ದಿನ ಈ ದೇವಸ್ಥಾನದಿಂದ ಹಿಂದಿರುಗುವಾಗ ಅಮ್ಮನಿಗೆ ತಲೆ ತಿರುಗಿತು. ತಪ್ಪು ನನ್ನದೇ. ಹೊರಗಿನದು ಏನನ್ನೂ ಮುಟ್ಟದ ಅಮ್ಮ ಬೆಳಗಿನಿಂದ ಒಂದು ಬೊಂಡದ ನೀರಿನ ಮೇಲೆಯೇ ಇದ್ದಾಳೆಂಬುದು ನನಗೆ ಹೊಳೆದಿರಲಿಲ್ಲ. ಗಲ್ಲಿಯ ಬಾಯಲ್ಲಿ ಗಾಡಿ ಇಟ್ಟುಕೊಂಡು ಚಾ ಮಾರುವ ಹೆಂಗಸು ಓಡಿ ಬಂದು ಪ್ಲಾಸ್ಟಿಕ್ ಸ್ಟೂಲು ಹಾಕಿ ಕೂರಿಸಿದಳು. ‘ಯಾಯ್, ಯಾಯ್’ ಎನ್ನುತ್ತಾ ಐಸು ಸುತ್ತಿದ ಬಟ್ಟೆಯನ್ನು ಅಮ್ಮನ ಕುತ್ತಿಗೆಗೆ ಒತ್ತಿದಳು. ಯಾಯ್ ಎಂದರೆ ಅಜ್ಜಿ, ತಾಯಿಯ ತಾಯಿ.

ಆಮೇಲೆ ಅವಳು ಕೇಳದೆಯೇ ಚಾ ಮಾಡತೊಡಗಿದಳು. ಆ ಚಾದ ಹೆಸರು ‘ಚಾ ಯೆನ್’. ನಮ್ಮ ಕರಾವಳಿಯಲ್ಲೂ ಚಾ, ಅಲ್ಲಿಯೂ ಚಾ. ಯೆನ್ ಎಂದರೆ ತಣ್ಣನೆಯದು. ತಂತಿಯ ಬಳೆಗೆ ಹೊಲಿದ, ಕಾಲುಚೀಲದಷ್ಟು ಉದ್ದದ ಬಟ್ಟೆ ಚೀಲದಲ್ಲಿ ಚಾ ಎಲೆ ತುಂಬಿ, ಅದರ ಮೇಲೆ ಕುದಿಯುವ ನೀರು ಹೊಯ್ಯುತ್ತಾರೆ. ಇಳಿದ ಕಷಾಯವನ್ನು ಮತ್ತೆ ಅದೇ ಚೀಲಕ್ಕೆ, ಮತ್ತೆ ಮಗ್ಗಿಗೆ. ಬಿಸಿ ಇರುವಾಗಲೇ ಸಕ್ಕರೆ, ಗಟ್ಟಿ ಸಿಹಿ ಹಾಲು ಸೇರಿಸಿ ಕಲಕಿ, ಐಸು ತುಂಬಿದ ಲೋಟಕ್ಕೆ ಸುರಿದು, ಮೇಲೊಂದು ಸುತ್ತು ಡಬ್ಬಿ ಹಾಲು ಬಿಟ್ಟರೆ ಮುಗಿಯಿತು. ಬಿಳಿ ಹಾಲು ನಿಧಾನವಾಗಿ ಕೆಳಗಿಳಿಯುವುದನ್ನು ನೋಡುವುದೇ ಒಂದು ಚಂದ.

ಅಮ್ಮ ಲೋಟ ನೋಡಲಿಲ್ಲ, ಬಟ್ಟೆ ಚೀಲ ನೋಡುತ್ತಿದ್ದಳು. ಸ್ಟೀಲಿನ ಸೋಸಣಿಗೆ ಬರುವ ಮೊದಲು ನಮ್ಮ ಮನೆಯಲ್ಲೂ ಚಾ ಸೋಸುತ್ತಿದ್ದುದು ಬಟ್ಟೆಯಲ್ಲೇ. ‘ನೀರು ಕುದ್ದದ್ದು ನಾನೇ ಕಂಡಿದ್ದೇನೆ’ ಎಂದು ತನಗೆ ತಾನೇ ಹೇಳಿಕೊಂಡು ಎರಡು ಗುಟುಕು ಕುಡಿದಳು. ‘ಸಿಹಿ ಜಾಸ್ತಿ. ಇದೆಂತ, ಕೇಸರಿಬಾತಿನ ಬಣ್ಣ?’ ಎಂದು ಲೋಟ ನನ್ನ ಕೈಗೆ ಕೊಟ್ಟಳು. ಒಂದೂವರೆ ವರ್ಷದ ಮೇಲೆ ಅವಳ ಬಾಯಿಗೆ ಬಿದ್ದ ಮೊದಲ ಚಾ ಅದು. ನಾನು ಏನೂ ಹೇಳಲಿಲ್ಲ. ಮೂವತ್ತು ಬಾತ್ ಕೊಟ್ಟು ಅವಳ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ.

ಬಣ್ಣದ ವಿಷಯದಲ್ಲಿ ಅಮ್ಮನ ಸಂಶಯ ಸರಿಯೇ ಇತ್ತು. ಈ ಚಾಕ್ಕೆಂದು ಅಲ್ಲಿ ಮಾರುವ ಪೊಟ್ಟಣಗಳಲ್ಲಿ ಎಲೆಯ ಜೊತೆ ಕಿತ್ತಳೆ ಬಣ್ಣವನ್ನೂ ಪರಿಮಳವನ್ನೂ ಬೆರೆಸಿರುತ್ತಾರೆ. ಹೆಬ್ಬೆರಳು ಎತ್ತಿದ ಕೈಯ ಗುರುತಿನ ‘ಚಾ ತ್ರಾ ಮ್ಯೂ’ ಎಂಬ 1945ರ ಹಳೆಯ ಬ್ರಾಂಡು ಎಲ್ಲರಿಗೂ ಪರಿಚಿತ. ಬಣ್ಣವಿಲ್ಲದಿದ್ದರೆ ಇದೂ ನಮ್ಮ ಖಡಕ್ ಚಾದ ಹಾಗೆ ಕಂದು.

ಉಳಿದ ಎರಡು ಸಾಮಾನುಗಳಿಗೂ ದೂರದ ಚರಿತ್ರೆಯಿದೆ. ಗಟ್ಟಿ ಸಿಹಿ ಹಾಲಿಗೆ ಅಮೆರಿಕದ ಗೇಲ್ ಬಾರ್ಡನ್ 1856ರಲ್ಲಿ ಪೇಟೆಂಟ್ ಪಡೆದ. ಹಸು ಸಾಕಿ ಕರೆಯುವ ರೂಢಿ ಹೆಚ್ಚಿಲ್ಲದ, ತಂಪು ಪೆಟ್ಟಿಗೆ ಇಲ್ಲದ ಕಾಲದ ಬಿಸಿಲು ನಾಡಿಗೆ ಕೆಡದ ಡಬ್ಬಿ ಹಾಲೇ ಗತಿ. ಥಾಯ್ ದೊರೆ ಭೂಮಿಬಲ್ 1960ರಲ್ಲಿ ಡೆನ್ಮಾರ್ಕಿಗೆ ಹೋಗಿ ಬಂದ ಮೇಲೆ, 1962ರಲ್ಲಿ ಮುಅಕ್ ಲೆಕ್ ಎಂಬಲ್ಲಿ ಥಾಯ್-ಡೇನಿಷ್ ಹೈನು ಕ್ಷೇತ್ರ ಶುರುವಾಯಿತು. ಅಷ್ಟರಲ್ಲಿ ಡಬ್ಬಿ ಹಾಲಿನ ರುಚಿ ನಾಲಿಗೆಗೆ ಹತ್ತಿಯಾಗಿತ್ತು. ಐಸಿನದೂ ಅದೇ ಕಥೆ. ನಾಲ್ಕನೆಯ ರಾಮ ಆಳುತ್ತಿದ್ದ ಕಾಲದಲ್ಲಿ (1851–1868) ಅದು ಸಿಂಗಪುರದಿಂದ ಹಡಗಿನಲ್ಲಿ ಬರುತ್ತಿತ್ತಂತೆ, ಅರಮನೆಯವರಿಗೆ ಮಾತ್ರ. ಈಗ ಕಾರ್ಖಾನೆಯ ಐಸು, ನಡುವೆ ತೂತಿರುವ ಕೊಳವೆಯ ತುಂಡುಗಳಾಗಿ, ಬೆಳಗಾಗುವ ಮೊದಲೇ ಪ್ರತಿ ಗಲ್ಲಿಗೂ ಬರುತ್ತದೆ.

ಮರುದಿನ ಮಧ್ಯಾಹ್ನ ಮೂರಕ್ಕೆ ಅಮ್ಮ ಮಲಗಲಿಲ್ಲ. ‘ಆ ಹೆಂಗಸಿನ ಗಾಡಿ ಉಂಟಾ ನೋಡು’ ಎಂದಳು. ಅದೂ ಅರ್ಧ ಲೋಟ. ತಮ್ಮ ಕಲಿಸಿಕೊಟ್ಟಂತೆ ನಾನು ‘ವಾನ್ ನೊಯ್’ ಎಂದೆ. ಸಿಹಿ ಕಡಿಮೆ ಎಂದರ್ಥ. ಅಲ್ಲಿಯ ಸರಕಾರ 2017ರಿಂದ ಸಿಹಿ ಪಾನೀಯಗಳ ಮೇಲೆ ತೆರಿಗೆ ಹಾಕಿದೆಯಾದರೂ, ಗಲ್ಲಿಯ ಗಾಡಿಯಲ್ಲಿ ಸಿಹಿ ತಗ್ಗಿಸಲು ಈ ಎರಡು ಶಬ್ದವೇ ಬೇಕು.

ಅದರ ಮರುದಿನ ಗಾಡಿ ಇರಲಿಲ್ಲ. ಏಪ್ರಿಲ್ 13ರಿಂದ 15ರವರೆಗೆ ಅಲ್ಲಿ ಸೋಂಕ್ರಾನ್, ಹೊಸ ವರ್ಷದ ಹಬ್ಬ. ನಮ್ಮ ಸಂಕ್ರಾಂತಿಯ ಶಬ್ದವೇ ಅದು. ನಮ್ಮ ಬಿಸುವೂ ಅದೇ ಹೊತ್ತಿಗೆ. 2023ರಲ್ಲಿ ಯುನೆಸ್ಕೋದ ಪಟ್ಟಿಗೂ ಸೇರಿದ ಹಬ್ಬ. ನಗರದ ದುಡಿಯುವ ಜನ ಊರಿಗೆ ಹೋಗುತ್ತಾರೆ, ಉಳಿದವರು ಬೀದಿಯಲ್ಲಿ ನೀರೆರಚಾಡುತ್ತಾರೆ. ಚಾ ಮಾರುವವಳೂ ಊರಿಗೆ ಹೋಗಿದ್ದಳು. ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ತಲೆಯಿಂದ ಪಾದದವರೆಗೆ ಒದ್ದೆ.

‘ನಾವೇ ಮಾಡುವ’ ಎಂದ ತಮ್ಮ. ಎಲ್ಲೋ ಅಂಗಡಿಯಿಂದ ಬಟ್ಟೆ ಚೀಲ ತಂದ, ನೆನೆದುಕೊಂಡೇ ಬಂದ. ಅಮ್ಮ ತಂದ ಚಾಹುಡಿ ಇತ್ತು. ನಾನು ಕೈ ಹಾಕಿದೆ. ಮೊದಲ ಸಲ ಚಾ ತೆಳ್ಳಗಾಗಿ, ಐಸು ಕರಗಿದ್ದೇ ತಡ ಬಣ್ಣದ ನೀರಾಯಿತು. ಎರಡನೆಯ ಸಲ ತಣಿದ ಮೇಲೆ ಸಕ್ಕರೆ ಹಾಕಿದೆ. ಅದು ಕರಗದೆ ತಳದಲ್ಲಿ ಕೂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. ‘ಈಚೆ ಕೊಡು’ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ನಿಂತಳು.

ಅವಳು ಮಾಡಿದ ಕ್ರಮವನ್ನು ಬರೆದುಕೊಂಡಿದ್ದೇನೆ. ನೀವೂ ಮಾಡಿ ನೋಡಬಹುದು. ಎರಡು ಲೋಟ ಚಾಕ್ಕೆ ಒಂದೂವರೆ ಲೋಟ ನೀರು ಕುದಿಸಿ, ಮೂರು ದೊಡ್ಡ ಚಮಚ ಚಾಹುಡಿ ಹಾಕಿ, ಉರಿ ಆರಿಸಿ ಐದು ನಿಮಿಷ ಮುಚ್ಚಿಡಬೇಕು. ಬಿಸಿ ಚಾಕ್ಕಿಂತ ಇಮ್ಮಡಿ ಗಟ್ಟಿ ಇರಲಿ. ಅರ್ಧ ನೀರು ಐಸೇ ಕೊಡುತ್ತದೆ. ಸೋಸಿ, ಬಿಸಿ ಇರುವಾಗಲೇ ಎರಡು ಚಮಚ ಗಟ್ಟಿ ಸಿಹಿ ಹಾಲು ಕಲಸಿ. ತಣ್ಣಗಾದರೆ ನಾಲಿಗೆಗೆ ಸಿಹಿ ಕಡಿಮೆ ತೋರುತ್ತದೆ, ಆದ್ದರಿಂದ ಬಿಸಿಯಲ್ಲಿ ರುಚಿ ನೋಡುವಾಗ ಒಂದು ಗುಂಜಿ ಹೆಚ್ಚೇ ಎನಿಸಬೇಕು. ಎರಡು ಪಾತ್ರೆಗಳ ನಡುವೆ ನಾಲ್ಕೈದು ಸಲ ಎತ್ತಿ ಹೊಯ್ದರೆ ಬೇಗ ಆರುತ್ತದೆ, ನೊರೆಯೂ ಏಳುತ್ತದೆ. ಲೋಟದ ತುಂಬ ಐಸು ಹಾಕಿ ಸುರಿಯಿರಿ; ನಾಲ್ಕು ತುಂಡು ಹಾಕಿದರೆ ಬೇಗ ಕರಗಿ ಚಾ ಕೆಡುತ್ತದೆ. ಮೇಲೆ ಬಿಡುವ ಡಬ್ಬಿ ಹಾಲು ನಮ್ಮಲ್ಲಿ ಸಿಗದಿದ್ದರೆ, ದಪ್ಪ ಹಾಲನ್ನು ಅರ್ಧಕ್ಕೆ ಬತ್ತಿಸಿ ಆರಿಸಿಟ್ಟರೆ ಸಾಕು. ಮಂಗಳೂರಿನ ದೊಡ್ಡ ಕಾಫಿ ಅಂಗಡಿಗಳಲ್ಲಿ ಈಗ ಇಂಥದ್ದಕ್ಕೇ ಲಾಟೆ ಎಂದು ಹೆಸರಿಟ್ಟು ಮುನ್ನೂರು ರೂಪಾಯಿ ತೆಗೆದುಕೊಳ್ಳುತ್ತಾರೆ.

ಚಾ ಕಂದು ಬಣ್ಣದ್ದೇ ಆಯಿತು. ಕೆಳಗೆ ಬೀದಿಯಲ್ಲಿ ಪಿಚಕಾರಿ, ಬಕೆಟ್ಟು, ಕೂಗಾಟ. ನಾವೆಲ್ಲ ಬಾಲ್ಕನಿಯಲ್ಲಿ ಕೂತೆವು. ಅಮ್ಮ ಲೋಟಗಳನ್ನು ಸಾಲಾಗಿ ಇಟ್ಟಳು. ತಮ್ಮ, ಅವನ ಹೆಂಡತಿ, ನಾನು, ಅಮ್ಮ: ನಾಲ್ಕು ಜನ, ಲೋಟ ಐದು ಇದ್ದವು. ಅಮ್ಮ ಐದನೆಯದನ್ನು ಸ್ವಲ್ಪ ಹೊತ್ತು ನೋಡಿ, ‘ನಿನ್ನ ಅಪ್ಪ ಆಗಿದ್ದರೆ ಐಸು ತೆಗೆದು ಬಿಸಾಡಿ ಕುಡಿಯುತ್ತಿದ್ದರು’ ಎಂದಳು. ಅವರ ವಿಷಯ ಅವಳೇ ಎತ್ತಿದ್ದು ಅಪರೂಪ. ಆಮೇಲೆ ಆ ಲೋಟದ ಚಾವನ್ನು ನಮ್ಮೆಲ್ಲರ ಲೋಟಕ್ಕೂ ಸಮನಾಗಿ ಹಂಚಿ ಹೊಯ್ದಳು.

ಹಿಂದಿರುಗುವ ದಿನ ಸುವರ್ಣಭೂಮಿಯ ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪದ ಮುಂದೆ ಅಮ್ಮ ನಿಂತಳು. ಒಂದು ಬದಿ ದೇವತೆಗಳು, ಒಂದು ಬದಿ ರಾಕ್ಷಸರು, ನಡುವೆ ವಾಸುಕಿ. ‘ಅಮೃತಕ್ಕೆ ಇಷ್ಟು ಜನ ಎಳೆದಾಡಿದ್ದಾರೆ. ನಿನಗೆ ಎರಡು ಲೋಟ ಚಾ ಎತ್ತಿ ಹೊಯ್ಯುವುದಕ್ಕೆ ಕೈ ನೋವು’ ಎಂದಳು.

ಈಗ ಪುತ್ತೂರಿನ ಮನೆಯ ಅಡುಗೆಕೋಣೆಯ ಮೊಳೆಯಲ್ಲಿ ಆ ಬಟ್ಟೆ ಚೀಲ ತೂಗುತ್ತಿದೆ. ಮಳೆಗಾಲದಲ್ಲಿ ಐಸಿನ ಮಾತಿಲ್ಲ, ಬಿಸಿ ಚಾವೇ. ಮೂರು ಗಂಟೆಗೆ ಫೋನು ಮಾಡಿದರೆ ಎತ್ತುವುದಿಲ್ಲ. ಪಕ್ಕದ ಮನೆಯಾಕೆ ಬಂದಿರುತ್ತಾರೆ, ಚಾದ ಹೊತ್ತು.