ಅಬು ಸಿಂಬೆಲ್‌ನಲ್ಲಿ ನೆನಪಾದ ನಮ್ಮ ಮುಳುಗಡೆ ಊರು

ಮೊದಲೇ ಹೇಳಿಬಿಡುತ್ತೇನೆ, ಈಜಿಪ್ಟಿಗೆ ಹೋಗಿದ್ದು ನನ್ನ ದುಡ್ಡಿನಲ್ಲಿ ಅಲ್ಲ. ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು ಅಂತ ಎಣಿಸಿ ಪಡೆಯುವ ಸ್ಟ್ರಿಂಗರ್ ನಾನು. ಕುವೈತ್‌ನಲ್ಲಿ ವೆಲ್ಡಿಂಗ್ ಮಾಡುವ ನಮ್ಮ ಭಾವ ಒಂದು ವಾರ ರಜೆ ಹಾಕಿ ಈಜಿಪ್ಟ್ ನೋಡಲು ಹೊರಟರು. ಜೊತೆಗೆ ಇಂಗ್ಲಿಷ್ ಬರುವವನೊಬ್ಬ ಇರಲಿ ಅಂತ ನನ್ನನ್ನೂ ಕರೆದರು. ನನ್ನ ಇಂಗ್ಲಿಷ್ ಎಷ್ಟಿದೆ ಅನ್ನೋದು ಅವರಿಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು.

ಪಿರಮಿಡ್ ಬಗ್ಗೆ ಬರೆಯುವುದಿಲ್ಲ. ಅದನ್ನು ನೀವು ಯೂಟ್ಯೂಬ್‌ನಲ್ಲಿ ನೋಡಿರುತ್ತೀರಿ. ಬರೆಯಬೇಕಾಗಿರೋದು ಅಬು ಸಿಂಬೆಲ್ ಎಂಬ ಊರಿನ ಎರಡು ಗುಡಿಗಳ ಬಗ್ಗೆ.

ದಕ್ಷಿಣ ಈಜಿಪ್ಟಿನ ಆಸ್ವಾನ್ ಪಟ್ಟಣದಿಂದ ಬೆಳಗಿನ ಜಾವ 4 ಗಂಟೆಗೆ ನಮ್ಮ ವ್ಯಾನು ಹೊರಟಿತು. ಅಲ್ಲಿಂದ ಸುಮಾರು 280 ಕಿಲೋಮೀಟರ್. ಬರೀ ಮರಳು. ಒಂದು ಜಾಲಿಗಿಡವೂ ಕಾಣಲಿಲ್ಲ. ಹೋಟೆಲಿನವರು ಕೊಟ್ಟ ಡಬ್ಬಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇತ್ತು. ಭಾವ ಬ್ಯಾಗಿನಿಂದ ಶೇಂಗಾ ಚಟ್ನಿ ಪುಡಿ ತೆಗೆದರು. ಪಕ್ಕದ ಸೀಟಿನವರೂ ಕೈಚಾಚಿದರು.

ಮುಂದೆ ಕೂತಿದ್ದ ಗೈಡ್ ನಲವತ್ತರ ಆಸುಪಾಸಿನವರು, ನಮ್ಮಷ್ಟೇ ಕಪ್ಪು. ತಾನು ನೂಬಿಯನ್ ಅಂದರು. ನೈಲ್ ನದಿಯ ದಂಡೆಯಲ್ಲಿ, ಆಸ್ವಾನ್‌ನಿಂದ ಸುಡಾನ್‌ವರೆಗೆ ಸಾವಿರಾರು ವರ್ಷ ಬಾಳಿದ ಜನ ಅವರು. ಅವರಿಗೆ ಬೇರೆಯದೇ ಭಾಷೆ ಇದೆ.

ವ್ಯಾನಿಳಿದು ಗುಡ್ಡ ಸುತ್ತಿ ಹೋದರೆ ಎದುರಿಗೆ ನೀರು, ತಿರುಗಿದರೆ ನಾಲ್ಕು ಮೂರ್ತಿಗಳು. ಎರಡನೇ ರಾಮ್ಸೆಸ್ ಎಂಬ ರಾಜ ಸುಮಾರು 3,200 ವರ್ಷಗಳ ಹಿಂದೆ ಬಂಡೆ ಕೊರೆಸಿ ತನ್ನದೇ ನಾಲ್ಕು ಮೂರ್ತಿ ಕೂರಿಸಿದ್ದಾನೆ. ಒಂದೊಂದೂ 20 ಮೀಟರ್ ಎತ್ತರ, ಅಂದರೆ ಆರು ಅಂತಸ್ತಿನ ಮನೆಯಷ್ಟು. ಒಂದರ ತಲೆ ಹಿಂದಿನ ಕಾಲದ ಭೂಕಂಪದಲ್ಲಿ ಉರುಳಿ ಕಾಲಬುಡದಲ್ಲೇ ಬಿದ್ದಿದೆ.

ಗುಡಿಯ ಒಳಗೆ ಗೈಡ್‌ಗಳು ಮಾತಾಡುವಂತಿಲ್ಲ. ಹೊರಗೇ ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿರುವ ಫೋಟೋ ತೋರಿಸಿ ಎಲ್ಲ ಹೇಳಿ ಕಳಿಸುತ್ತಾರೆ. ಒಳಗಿನ ಗೋಡೆ ತುಂಬ ಕಾದೇಶ್ ಎಂಬ ಕಡೆ ನಡೆದ ಯುದ್ಧದ ಚಿತ್ರ. ರಾಜ ಒಬ್ಬನೇ ರಥದಲ್ಲಿ ನಿಂತು ಶತ್ರುಗಳನ್ನು ಚೆಂಡಾಡುತ್ತಿದ್ದಾನೆ. ಅಸಲಿಗೆ ಆ ಯುದ್ಧದಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲವಂತೆ. ನನಗೆ ನಗು ಬಂತು. ಇಂಥ ಪ್ರೆಸ್‌ನೋಟುಗಳು ನನ್ನ ವಾಟ್ಸಾಪಿಗೆ ದಿನಾ ಬರುತ್ತವೆ.

ಇನ್ನೊಂದು ಗುಡಿ ಅವನ ರಾಣಿ ನೆಫರ್ಟಾರಿಯದು. ಈಜಿಪ್ಟಿನಲ್ಲಿ ಸಾಮಾನ್ಯವಾಗಿ ರಾಣಿಯನ್ನು ರಾಜನ ಮೊಣಕಾಲಿನಷ್ಟೆತ್ತರಕ್ಕೆ ಕೆತ್ತುತ್ತಿದ್ದರು. ಇಲ್ಲಿ ಇಬ್ಬರೂ ಸಮ.

ಇದೆಲ್ಲ ಸರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗೈಡ್ ತೋರಿಸಿದ ಇನ್ನೊಂದು ಫೋಟೋ. ಅದರಲ್ಲಿ ರಾಮ್ಸೆಸ್‌ನ ಮುಖ ಮಾತ್ರ ಕ್ರೇನಿಗೆ ಜೋತು ಬಿದ್ದಿತ್ತು.

ಈ ಗುಡಿಗಳು ಇದ್ದದ್ದು ಈಗಿನ ಜಾಗದಲ್ಲಲ್ಲ. 1960ರಲ್ಲಿ ಆಸ್ವಾನ್ ಹೈಡ್ಯಾಂ ಕೆಲಸ ಶುರುವಾಯಿತು. ಹಿನ್ನೀರು ಸುಮಾರು 500 ಕಿ.ಮೀ. ಉದ್ದ, ಬಾಗಲಕೋಟೆಯಿಂದ ಬೆಂಗಳೂರಿಗೆ ಹೋದಷ್ಟು. ಗುಡಿ ಮುಳುಗುತ್ತದೆ ಅಂದಾಗ ಯುನೆಸ್ಕೊ ಜಗತ್ತನ್ನೇ ಕರೆಯಿತು, ಹತ್ತಾರು ದೇಶಗಳು ಹಣ ಕೊಟ್ಟವು. 1964ರಿಂದ 1968ರವರೆಗೆ ಗುಡಿಯನ್ನು ಗರಗಸದಿಂದ ಸಾವಿರಕ್ಕೂ ಹೆಚ್ಚು ತುಂಡು ಮಾಡಿದರು. ಒಂದೊಂದು 20 ಟನ್ ಆಸುಪಾಸು. ಪ್ರತಿ ತುಂಡಿಗೂ ನಂಬರ್ ಹಾಕಿ, 65 ಮೀಟರ್ ಮೇಲಕ್ಕೆ ಸಾಗಿಸಿ, ಮತ್ತೆ ಹಾಗೇ ಜೋಡಿಸಿದರು. ಹಿಂದಿರುವ ಗುಡ್ಡವೂ ಮಾಡಿದ ಗುಡ್ಡ, ಒಳಗೆ ಕಾಂಕ್ರೀಟ್ ಗುಮ್ಮಟ ಇದೆ. ವರ್ಷಕ್ಕೆ ಎರಡು ದಿನ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು, ಬೆಳಗಿನ ಸೂರ್ಯ ನೇರ ಗರ್ಭಗುಡಿಗೆ ಬೀಳುತ್ತಾನೆ. ಜಾಗ ಬದಲಿಸಿದರೂ ಅದನ್ನು ಬಿಡಲಿಲ್ಲ.

'ನಂಬರ್' ಅಂದ ಕೂಡಲೇ ನನಗೆ ನಮ್ಮ ಮನೆ ಗೋಡೆ ಕಣ್ಣಿಗೆ ಬಂತು. ನಮ್ಮೂರು ಆಲಮಟ್ಟಿ ಹಿನ್ನೀರಿನಲ್ಲಿ ಹೋದಾಗ ನಾನು 6ನೇ ಕ್ಲಾಸು. ಸರ್ವೆದವರು ಟೇಪು ಹಿಡಿದು ಬಂದು ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದರು. ನಮಗೆಲ್ಲ ಅದು ಆಟ, ಯಾರ ಮನೆಯದು ದೊಡ್ಡ ನಂಬರ್ ಅಂತ. ಆ ಗೋಡೆಗಳನ್ನು ಯಾರೂ ಮತ್ತೆ ಜೋಡಿಸಲಿಲ್ಲ.

ಗೈಡ್‌ಗೆ ಇದನ್ನು ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನೀರು ತಡೆದಿರುವುದನ್ನೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ವಾಪಸ್ ಬರುವಾಗ ನನ್ನ ಪಕ್ಕ ಬಂದು ಕೂತರು.

1963–64ರಲ್ಲಿ ಈಜಿಪ್ಟಿನ ಸುಮಾರು 50,000 ನೂಬಿಯನ್ನರನ್ನು ಎತ್ತಂಗಡಿ ಮಾಡಿ ಕೋಮ್ ಓಂಬೋ ಹತ್ತಿರ ಹೊಸ ಊರುಗಳಿಗೆ ಕಳಿಸಿದರು. ಹಳೆ ಊರುಗಳ ಹೆಸರನ್ನೇ ಹೊಸವಕ್ಕೂ ಇಟ್ಟರು, ಆದರೆ ನದಿ ಪಕ್ಕದಲ್ಲಿರಲಿಲ್ಲ. ಇವರ ಅಜ್ಜಿ ಊರು ಬಿಡುವ ದಿನ ಗೋರಿಗಳ ಮೇಲೆ ನೀರು ಚಿಮುಕಿಸಿ ಬಂದಿದ್ದರಂತೆ. ಹೊಸ ಊರಿನಲ್ಲಿ ಎಲ್ಲ ಮನೆಯೂ ಒಂದೇ ಥರ, ಸಾಲು ಸಾಲು. ಮೊದಮೊದಲು ಬೇರೆಯವರ ಮನೆಗೆ ಹೊಕ್ಕುಬಿಡುತ್ತಿದ್ದರಂತೆ.

ನಮ್ಮ ಪುನರ್ವಸತಿ ಕೇಂದ್ರದಲ್ಲಿ ನಮ್ಮ ಅಜ್ಜಿಯೂ ಹಾಗೇ ಮಾಡಿದ್ದಳು. ಹಣಮಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹಲಗಿ ಬಾರಿಸಿಕೊಂಡು ತಂದೆವು. ಅಜ್ಜನ ಸಮಾಧಿ ಅಲ್ಲೇ ಉಳಿಯಿತು.

"ಗುಡಿ ಉಳಿಸಿದ್ದಕ್ಕೆ ಬೇಜಾರಿದೆಯಾ?" ಅಂತ ಕೇಳಿದೆ. ಪತ್ರಕರ್ತನ ಚಟ. "ಅದರಿಂದಲೇ ನನ್ನ ಮಕ್ಕಳು ಉಣ್ಣುತ್ತಿದ್ದಾರೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿ ಮಾತ್ರ ಒಮ್ಮೆಯೂ ನೋಡಲು ಬರಲಿಲ್ಲ" ಅಂದರು.

ರಾತ್ರಿ ಅವ್ವನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಕಲ್ಲು ಕೊರೆದ ಕಥೆ ಪೂರ್ತಿ ಕೇಳಿ, "ದೇವ್ರನ್ನ ಎತ್ತಿ ಮ್ಯಾಲಿಟ್ರು, ಚಲೋ ಆತು. ಮಂದೀಗೆ ಪರಿಹಾರ ಎಷ್ಟು ಕೊಟ್ರಂತ?" ಅಂದಳು. ಅದನ್ನು ಕೇಳುವುದು ನನಗೆ ಮರೆತೇ ಹೋಗಿತ್ತು.

ಬೇಸಿಗೆಯಲ್ಲಿ ನೀರಿಳಿದಾಗ ನಮ್ಮ ಹಳೆ ಊರಿನ ಗುಡಿಕಟ್ಟೆ ಕಾಣುತ್ತದೆ, ಜನ ಹೋಗಿ ಕಾಯಿ ಒಡೆದು ಬರುತ್ತಾರೆ ಅಂದಾಗ ಆ ಗೈಡ್ ನಂಬಿರಲಿಲ್ಲ. ಅವರ ಊರು ಕಾಣುವುದೇ ಇಲ್ಲವಂತೆ. ಫೋಟೋ ಕಳಿಸು ಅಂತ ನಂಬರ್ ಕೊಟ್ಟಿದ್ದಾರೆ. ಈ ಸಲ ಮೇ ಮುಗಿಯುತ್ತ ಬಂದರೂ ಕಟ್ಟೆ ಇನ್ನೂ ನೀರಲ್ಲೇ ಇದೆ. ಹೋದ ಭಾನುವಾರವೂ ಬೈಕ್ ತಗೊಂಡು ಹೋಗಿ ನೋಡಿ ಬಂದೆ.