ಒಂದು ಗಂಟೆ ನಿದ್ದೆ

ಈಗಷ್ಟೇ ಲಿಫ್ಟಿನಲ್ಲಿ ಮೇಲಿನ ಮನೆ ಆಂಟಿ ಸಿಕ್ಕರು. ಕೈಯಲ್ಲೊಂದು ಬಟ್ಟೆ ಚೀಲ. ಒಳಗೆ ನೇಲ್ ಕಟರ್, ಕೊಬ್ಬರಿ ಎಣ್ಣೆ, ಇವತ್ತಿನ ಪೇಪರ್. ಕ್ಯಾನ್ಸರ್ ಕೊನೇ ಹಂತದಲ್ಲಿರುವ ತಾತ ಒಬ್ಬರ ಮನೆಗೆ ವಾರಕ್ಕೊಮ್ಮೆ ಹೋಗ್ತಾರಂತೆ.

"ಅಲ್ಲಿ ಏನ್ ಮಾಡ್ತೀರಾ ಆಂಟಿ?"

"ಏನಿಲ್ಲಪ್ಪ. ಇವತ್ತು ಉಗುರು ಕತ್ತರಿಸಿದೆ, ಪೇಪರ್ ಓದಿ ಹೇಳಿದೆ. ಅಷ್ಟರಲ್ಲಿ ಅವರ ಹೆಂಡತಿ ತಲೆಗೆ ಸ್ನಾನ ಮಾಡಿ ಒಂದು ಗಂಟೆ ನಿದ್ದೆ ತೆಗೆದ್ರು."

ಆ ಒಂದು ಗಂಟೆ ನಿದ್ದೆ ನನ್ನ ತಲೆಯಿಂದ ಹೋಗ್ತಾನೇ ಇಲ್ಲ.

ಕೊನೇ ದಿನಗಳ ಆರೈಕೆ, ಅಂದರೆ ಹಾಸ್ಪೀಸ್, ಅಂದ್ರೆ ಬರೀ ಕಟ್ಟಡ, ಮಾರ್ಫಿನ್, ನರ್ಸು ಅಂದ್ಕೊಂಡಿದ್ದೆ. ಅದೂ ಬೇಕೇ ಬೇಕು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತಗೊಳ್ಳದೆ ನೋಡಿಕೊಳ್ತಿದೆ. ಆದರೆ ಹೆಚ್ಚಿನವರಿಗೆ ತಮ್ಮ ಮನೆ, ತಮ್ಮ ಮಂಚವೇ ಬೇಕು. ಅಲ್ಲಿಗೆ ಹೋಗೋರು ಯಾರು? ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಶುರುವಾದ ನೋವು ಉಪಶಮನದ ಪುಟ್ಟ ಕ್ಲಿನಿಕ್ ಮುಂದೆ ಕೇರಳದ ಊರೂರಿಗೆ ಹಬ್ಬಿದ್ದು ಇಂಥ ಅಕ್ಕಪಕ್ಕದವರಿಂದಲೇ. ನೋವಿನ ಔಷಧಿ ಡಾಕ್ಟರು, ನರ್ಸುಗಳ ಕೆಲಸ. ಪಕ್ಕದಲ್ಲಿ ಕೂರೋದು ಯಾರು ಬೇಕಾದ್ರೂ ಕಲಿಯಬಹುದಾದ ಕೆಲಸ.

ನಾವು ಮಾತ್ರ "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಮೆಸೇಜ್ ಹಾಕಿ ಸುಮ್ಮನಾಗ್ತೀವಿ. ಅವರು ಹೇಳಲ್ಲ, ನಾವು ಹೋಗಲ್ಲ.

ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇರಬಹುದು. ಈ ಭಾನುವಾರ ಒಂದು ಗಂಟೆ ಕೊಡ್ತೀರಾ?