ಪಡುವಣ ಖಿಡಕಿಯ ಲೆಕ್ಕ

ಜಹೀರಾಬಾದಿನಲ್ಲಿ ಹೆದ್ದಾರಿ ಬದಿಗೆ ಎದ್ದ ಹೊಸ ಮಳಿಗೆಗಳೆಲ್ಲ ನೀಲಿ ಗಾಜು ಹೊದ್ದು ನಿಂತಿವೆ. ಮಧ್ಯಾಹ್ನ ಮೂರಕ್ಕೆ ಎದುರಿನ ಚಹಾದಂಗಡಿಯಲ್ಲಿ ಕೂತರೆ ಎರಡು ಸೂರ್ಯ: ಒಂದು ಮೇಲೆ, ಇನ್ನೊಂದು ಗಾಜಿನಲ್ಲಿ. ಮಳಿಗೆಯ ಒಳಗೆ ಕಾಲಿಟ್ಟರೆ ಹಾಡಹಗಲೇ ಟ್ಯೂಬ್‌ಲೈಟು. ಬಿಸಿಲಿಗೆಂದು ಬಣ್ಣದ ಗಾಜು, ಗಾಜಿನಿಂದ ಕತ್ತಲೆ, ಕತ್ತಲೆಗೆ ದೀಪ. ರಾತ್ರಿ ಇನ್ನೊಂದು ತಮಾಷೆ. ಈ ಗಾಜು ಬೆಳಕು ಹೆಚ್ಚಿರುವ ಕಡೆಗೆ ಮಾತ್ರ ಕನ್ನಡಿ. ಮಹಡಿಯಲ್ಲಿ ಮನೆ ಮಾಡಿಕೊಂಡವರು ಹಗಲೆಲ್ಲ ಯಾರ ಕಣ್ಣಿಗೂ ಬೀಳದೆ ಇದ್ದು, ದೀಪ ಹಚ್ಚಿದ ಮೇಲೆ ಇಡೀ ರಸ್ತೆಗೆ ಕಾಣುತ್ತಾರೆ. ಇದು ಅವರಿಗೆ ಗೊತ್ತಿದೆಯೋ ಇಲ್ಲವೋ. ಹೇಳುವುದಾದರೂ ಹೇಗೆ?

*

ಈ ಗೊಡವೆ ನನಗೇಕೆ ಅಂದರೆ, ಕಾಕಾನ ಮಗ ಇಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ವಯಸ್ಸಿನಲ್ಲಿ ದೊಡ್ಡವನು, ಅಣ್ಣ. ಬೀದರಿನಿಂದ ಬಸ್ ಹತ್ತಿದರೆ ಗಂಟೆಯೊಳಗೆ ಅವನ ಪ್ಲಾಟು. 1956ರವರೆಗೆ ಜಹೀರಾಬಾದು, ನಾರಾಯಣಖೇಡ ಎರಡೂ ಬೀದರ ಜಿಲ್ಲೆಯವೇ, ತಾಂಡೂರು ಗುಲ್ಬರ್ಗಾದ್ದು. ರಾಜ್ಯದ ಗೆರೆ ಆಮೇಲೆ ಬಂತು. ಬಿಸಿಲಿಗೆ ಆ ಗೆರೆ ಗೊತ್ತಿಲ್ಲ, ಬೀಗರಿಗೂ ಗೊತ್ತಿಲ್ಲ. ಅಣ್ಣನ ಪ್ಲಾಟಿಗೆ ರಸ್ತೆ ಇರುವುದು ಪಡುವಣಕ್ಕೆ. ಎರಡು ಬದಿಗೆ ಪಕ್ಕದ ಮನೆಗಳ ಗೋಡೆ ಅಂಟಿಕೊಂಡಿವೆ, ಹಿಂದೆ ಒಂದು ಗಲ್ಲಿ. ಖಿಡಕಿ ಎಲ್ಲಿ ಇಡಬೇಕೆಂಬ ಪ್ರಶ್ನೆಯೇ ಇಲ್ಲ, ರಸ್ತೆಗೆ ಇಡಬೇಕು. ಹಾಗಾದರೆ ಎಂಥದ್ದು?

*

ಫ್ಯಾಬ್ರಿಕೇಶನ್ ಅಂಗಡಿಯವನು ಮಾತಾಡುವುದು ಅರ್ಧ ತೆಲುಗು, ಕಾಲು ಉರ್ದು, ನಮ್ಮನ್ನು ಕಂಡರೆ ಉಳಿದ ಕಾಲು ಕನ್ನಡ. "ಟೂ ಟ್ರ್ಯಾಕ್ ಬೇಕೇನ್ರಿ, ತ್ರೀ ಟ್ರ್ಯಾಕಾ? ಮೂರನೇದ್ರಾಗ ಜಾಳಿಗಿ ಬರ್ತದ." ಮಾದರಿಯ ಖಿಡಕಿಯೊಂದನ್ನು ಮೇಜಿನ ಮೇಲೆ ಇಟ್ಟ. ಯುಪಿವಿಸಿಯ ಬಿಳಿ ಚೌಕಟ್ಟು, ಒಳಗೆ ಉಕ್ಕಿನ ಪಟ್ಟಿ ತೂರಿಸಿದ್ದು. ಗಾಜು ಹಿಡಿಯಲು ಕಪ್ಪು ರಬ್ಬರು. ಪಲ್ಲಾ ಓಡಲು ಕೆಳಗೆ ಪುಟ್ಟ ಗಾಲಿಗಳು. ಎರಡು ಪಲ್ಲಾ ನಡುವೆ ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚು. ಅದಕ್ಕೆ ಇಂಟರ್‌ಲಾಕ್ ಅಂತ ಹೆಸರು, ಗಾಳಿಗೆ ಖಿಡಕಿ ಕಟಕಟ ಅನ್ನದಿರುವುದು ಅದರಿಂದ.

ಚೌಕಟ್ಟಿನ ಹೊರಮೈಯಲ್ಲಿ, ಕೆಳಗೆ, ಬೆರಳುಗುರಿನಷ್ಟು ಉದ್ದದ ಎರಡು ಸೀಳು. ಏನಿವು ಅಂದೆ. ಮಳೆನೀರು ಟ್ರ್ಯಾಕಿನಲ್ಲಿ ನಿಂತರೆ ಹೊರಗೆ ಹರಿಯಲು ಬಿಟ್ಟ ದಾರಿಯಂತೆ. ಸರಿ. ಆಮೇಲೆ ಊರಲ್ಲಿ ಸುತ್ತುವಾಗ ಕಂಡ ಕಂಡ ಮನೆಗಳ ಸ್ಲೈಡಿಂಗ್ ಖಿಡಕಿಯ ಬುಡ ನೋಡತೊಡಗಿದೆ. ಎಷ್ಟೋ ಕಡೆ ಆ ಸೀಳನ್ನು ಪೇಂಟಿನವನು ಪುಟ್ಟಿ ಹಾಕಿ ನೀಟಾಗಿ ಮುಚ್ಚಿದ್ದಾನೆ, ಇಲ್ಲವೇ ಗ್ರಾನೈಟ್ ಕೂರಿಸಿದವನು ಸಿಲಿಕೋನ್ ತುಂಬಿದ್ದಾನೆ. ಆಷಾಢದ ಜಡಿಮಳೆಗೆ ನೀರು ಇನ್ನೆಲ್ಲಿಗೆ ಹೋಗಬೇಕು? ಒಳಗೆ ಬರುತ್ತದೆ. ಬೈಸಿಕೊಳ್ಳುವುದು ಖಿಡಕಿ.

*

ಡಬಲ್ ಗ್ಲಾಸ್. ಜಹೀರಾಬಾದಿನಲ್ಲಿ ಈಗ ಅದರದೇ ಮಾತು.

"ಡಬಲ್ ಹಾಕಿಸ್ರಿ ಸರ, ಒಳಗ ತಣ್ಣಗ ಇರ್ತದ."

"ಹ್ಯಾಂಗ?"

"ಯು ವ್ಯಾಲ್ಯೂ ಕಮ್ಮಿ ಅದ ನೋಡ್ರಿ."

ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಅರ್ಧ ನಿಜ. ಹೊರಗೆ ಒಳಗೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಗಾಜಿನ ಮೂಲಕ ಎಷ್ಟು ವ್ಯಾಟ್ ಕಾವು ದಾಟುತ್ತದೆ ಎಂಬುದೇ ಯು ವ್ಯಾಲ್ಯೂ. ಒಂಟಿ ಗಾಜಿಗೆ ಸುಮಾರು 5.8. ನಡುವೆ 12 ಮಿಲಿಮೀಟರ್ ಗಾಳಿ ಬಿಟ್ಟ ಜೋಡಿ ಗಾಜಿಗೆ 2.8ರ ಆಸುಪಾಸು. ಅರ್ಧಕ್ಕಿಂತ ಕಡಿಮೆ ಆಯಿತಲ್ಲ, ಮತ್ತೇನು?

ಏಪ್ರಿಲ್ ತಿಂಗಳ ನಾಲ್ಕು ಗಂಟೆಯ ಲೆಕ್ಕ ಹಾಕಿ ನೋಡಿದೆ. ಹೊರಗೆ 40 ಡಿಗ್ರಿ, ಒಳಗೆ 30. ಒಂಟಿ ಗಾಜಿನಲ್ಲಿ ಹತ್ತು ಡಿಗ್ರಿಗೆ 58 ವ್ಯಾಟ್ ಒಳಗೆ ಬರುತ್ತದೆ; ಜೋಡಿ ಗಾಜಾದರೆ 28. ಉಳಿತಾಯ 30 ವ್ಯಾಟ್. ಆದರೆ ಅದೇ ಹೊತ್ತಿಗೆ ಪಡುವಣ ಗೋಡೆಗೆ ನೇರ ಬಿಸಿಲು ಹೊಡೆಯುತ್ತಿರುತ್ತದೆ, ಚದರ ಮೀಟರಿಗೆ 600 ವ್ಯಾಟ್ ಅಂತಿಟ್ಟುಕೊಳ್ಳೋಣ. ಆ ಬಿಸಿಲಿನಲ್ಲಿ ಎಷ್ಟು ಪಾಲು ಕಾವಾಗಿ ಒಳಗೆ ಸೇರುತ್ತದೆ ಎಂಬುದಕ್ಕೆ ಬೇರೆಯೇ ಅಂಕಿ ಇದೆ, ಎಸ್‌ಎಚ್‌ಜಿಸಿ ಅನ್ನುತ್ತಾರೆ. ಸೊನ್ನೆಯಿಂದ ಒಂದರೊಳಗಿನ ಸಂಖ್ಯೆ. ಸಾದಾ ಗಾಜಿಗೆ 0.82ರಷ್ಟು. ಅಂದರೆ 492 ವ್ಯಾಟ್. ಸಾದಾ ಗಾಜನ್ನೇ ಜೋಡಿ ಮಾಡಿದರೆ 0.7, 420 ವ್ಯಾಟ್. 30 ವ್ಯಾಟಿನ ಗುಣಗಾನ ಮಾಡುತ್ತ 420ರ ಮಾತೇ ಎತ್ತುವುದಿಲ್ಲವಲ್ಲ ಇವರು!

ಹಿಮ ಬೀಳುವ ದೇಶಗಳಲ್ಲಿ ಲೆಕ್ಕ ತಿರುಗುಮುರುಗು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಒಳಗೆ 20. ಮೂವತ್ತು ಡಿಗ್ರಿಯ ಅಂತರ ರಾತ್ರಿಯೆಲ್ಲ. ಬಿಸಿಲು ಬಂದರೆ ಅವರಿಗೆ ಹಬ್ಬ. ಅಲ್ಲಿ ಯು ವ್ಯಾಲ್ಯೂವನ್ನು ಮೊದಲು ಕೇಳುವುದು ನ್ಯಾಯ. ಖಿಡಕಿಯ ಜೊತೆ ಅವರ ಪ್ರಶ್ನೆಯನ್ನೂ ನಾವು ತರಿಸಿಕೊಂಡಿದ್ದೇವೆ ಅನ್ನಿಸುತ್ತದೆ.

ಮೂರನೆಯ ಅಂಕಿ ವಿಎಲ್‌ಟಿ: ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎಷ್ಟು ಪಾಲು ಒಳಬರುತ್ತದೆ ಅನ್ನುವುದು. ನೀಲಿ ಗಾಜಿನ ಮಳಿಗೆಗಳು ಎಡವಿದ್ದು ಇಲ್ಲಿ. ಕಾವಿನ ಜೊತೆ ಬೆಳಕನ್ನೂ ಹೊರಗಟ್ಟಿವೆ.

*

ಬೆಳಕು ಬಿಟ್ಟು ಕಾವು ತಡೆಯುವ ಲೇಪದ ಗಾಜೂ ಇದೆ, ಲೋ-ಇ ಅನ್ನುತ್ತಾರೆ. ಅದನ್ನು ಗುರುತಿಸುವ ಒಂದು ಉಪಾಯ ಅಂಗಡಿಯ ಹುಡುಗ ತೋರಿಸಿದ. ಜೋಡಿ ಗಾಜಿನ ಮುಂದೆ ಸಿಗರೇಟು ಲೈಟರ್ ಹಚ್ಚಿ ಹಿಡಿದ. ಗಾಜಿನಲ್ಲಿ ನಾಲ್ಕು ಜ್ವಾಲೆ ಕಂಡವು, ಒಂದರ ಹಿಂದೊಂದು. ಎರಡು ಗಾಜಿಗೆ ನಾಲ್ಕು ಮೈ, ಮೈಗೊಂದು ಪ್ರತಿಬಿಂಬ. ಮೂರು ಹಳದಿ, ಒಂದು ಮಾತ್ರ ನೇರಳೆಗೆಂಪು ಛಾಯೆ. ಆ ಮೈಗೆ ಲೇಪವಿದೆ. ಲೇಪದಲ್ಲಿ ಇರುವುದು ಬೆಳ್ಳಿ, ದಪ್ಪ ಹತ್ತಾರು ನ್ಯಾನೋಮೀಟರ್, ಕಣ್ಣಿಗೆ ಕಾಣದಷ್ಟು. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣ. ಬೆಳ್ಳಿ ಅದನ್ನು ವಾಪಸು ಕಳಿಸಿ ಬೆಳಕನ್ನು ಬಹುಮಟ್ಟಿಗೆ ಬಿಡುತ್ತದೆ. ಒಳ್ಳೆಯ ಲೇಪವಾದರೆ ಎಸ್‌ಎಚ್‌ಜಿಸಿ 0.28ರ ಹತ್ತಿರ ಇಳಿಯುತ್ತದೆ. ಮೇಲಿನ 492 ಆಗ 168.

ಮೈಗಳನ್ನು ಹೊರಗಿನಿಂದ ಎಣಿಸುತ್ತಾರೆ. ನಮ್ಮಂಥ ಬಿಸಿಲೂರಿಗೆ ಲೇಪ ಎರಡನೇ ಮೈಯಲ್ಲಿರಬೇಕು, ಕಾವು ಹೊರಗಾಜಿನಲ್ಲೇ ನಿಲ್ಲಲಿ ಎಂದು. ಚಳಿಯೂರಿನವರು ಮೂರನೆಯದರಲ್ಲಿ ಇಡುತ್ತಾರೆ. ಕೂರಿಸುವವನು ಗಾಜನ್ನು ಹಿಂದುಮುಂದು ಮಾಡಿದರೆ ಹೈದರಾಬಾದಿಗೆ ಮಾಡಿದ್ದು ಹೆಲ್ಸಿಂಕಿಗೆ ಆಯಿತು. ಚೀಟಿ ಕಿತ್ತ ಮೇಲೆ ಲೈಟರ್ ಒಂದೇ ಸಾಕ್ಷಿ. ಈ ಮೆದು ಲೇಪ ಗಾಳಿ, ತೇವ ತಾಗಿದರೆ ಕೆಡುವುದರಿಂದ ಒಳಮೈಯಲ್ಲೇ ಮುಚ್ಚಿಡುತ್ತಾರೆ. ಗಾಜುಗಳ ನಡುವಿನ ಅಲ್ಯುಮಿನಿಯಂ ಪಟ್ಟಿಯೊಳಗೆ ತೇವ ಹೀರುವ ಮಣಿಗಳಿರುತ್ತವೆ. ಅಂಚಿನ ಅಂಟು ಬಿಟ್ಟರೆ ಮಣಿಗಳು ಸೋತು ಗಾಜಿನ ನಡುವೆ ಮಂಜು ಕೂರುತ್ತದೆ. ಒರೆಸಲು ಕೈ ಹೋಗದ ಜಾಗ ಅದು.

*

ಅಣ್ಣನ ಬಾಡಿಗೆ ಮನೆಯಲ್ಲಿ ಸ್ಲೈಡಿಂಗ್ ಖಿಡಕಿಯ ಒಂದು ಪಲ್ಲಾ ಸರಿಸಿ ಕೂಲರ್ ಕೂರಿಸಿದ್ದಾರೆ. ಸುತ್ತ ಉಳಿದ ಸಂದಿಗೆ ಥರ್ಮಕೋಲ್, ಅದರ ಮೇಲೆ ಕಂದು ಟೇಪು. ಇದೊಂದೇ ಮನೆಯಲ್ಲ, ಬೀದಿಯುದ್ದಕ್ಕೂ ಹೀಗೇ. ಕೂಲರ್ ಹೊರಗಿನ ಗಾಳಿ ಎಳೆದು, ತೋಯಿಸಿ ಒಳಗೆ ದೂಡುತ್ತದೆ. ಆ ಗಾಳಿ ಇನ್ನೊಂದು ಕಡೆ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಮನೆಯೆಲ್ಲ ಜಿಗಿಜಿಗಿ. ಅಂದರೆ ಮತ್ತೊಂದು ಖಿಡಕಿ ತೆರೆದಿರಬೇಕು. ಹೀಗೆ ದಿನವಿಡೀ ಗಾಳಿ ಹಾದುಹೋಗುವ ಮನೆಗೆ ಬಿಗಿ ರಬ್ಬರಿನ, ಗಾಳಿ ನುಸುಳದ ಜೋಡಿ ಗಾಜು ಯಾಕೆ? ಎಸಿ ಇರುವ ಒಂದು ಕೋಣೆಗೆ ಸರಿ. ಎಸಿಯ ಮನೆಗೆ ಮುಚ್ಚುವ ಖಿಡಕಿ ಬೇಕು, ಕೂಲರಿನ ಮನೆಗೆ ತೆರೆಯುವ ಖಿಡಕಿ. ನಿಮ್ಮಲ್ಲಿ ಯಾವುದಿದೆ ಎಂದು ಯಾವ ಅಂಗಡಿಯವನೂ ಕೇಳಲಿಲ್ಲ.

ತೆರೆಯುವ ವಿಷಯದಲ್ಲಿ ಸ್ಲೈಡಿಂಗ್ ಜಿಪುಣ. ನಾಲ್ಕಡಿ ನಾಲ್ಕಡಿ ಖಿಡಕಿಗೆ 16 ಚದರಡಿಯ ಹಣ ಕೊಡುತ್ತೇವೆ, ಗಾಳಿಗೆ ಸಿಗುವುದು ಎಂಟು. ಕಬ್ಜಾ ಹಾಕಿ ಬಾಗಿಲಿನ ಹಾಗೆ ತೆರೆಯುವ ಕೇಸ್‌ಮೆಂಟಿನಲ್ಲಿ ಹದಿನಾಲ್ಕಕ್ಕೂ ಹೆಚ್ಚು. ಇದು ನನ್ನ ಊಹೆಯಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯಲ್ಲೇ ಸ್ಲೈಡಿಂಗಿಗೆ ಶೇ. 50, ಕೇಸ್‌ಮೆಂಟಿಗೆ ಶೇ. 90 ಎಂದು ಎಣಿಸುತ್ತಾರೆ. ಹೈದರಾಬಾದನ್ನು ಸೇರಿಸಿರುವ ಮಿಶ್ರ ಹವೆಯ ವಲಯದಲ್ಲಿ, ಮನೆಯ ನೆಲದ ವಿಸ್ತೀರ್ಣದ ಶೇ. 12.5ರಷ್ಟಾದರೂ ಹೊರಕ್ಕೆ ತೆರೆದುಕೊಳ್ಳಬೇಕು ಅನ್ನುತ್ತದೆ ಸಂಹಿತೆ. ಹತ್ತು ಹನ್ನೆರಡರ ಕೋಣೆಯ ಪಾಲಿಗೆ 15 ಚದರಡಿ ಬಂತು. 2018ರ ಆ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕೂ ಮೇಲಿನ ಪ್ಲಾಟಿಗೆ ಮಾತ್ರ ಅನ್ವಯವಾಗಿತ್ತು, ಅಣ್ಣನಂಥವರನ್ನು ಕೇಳುವವರಿಲ್ಲ. ಆದರೆ ಗಾಳಿಗೆ ಪ್ಲಾಟಿನ ಅಳತೆ ಯಾಕೆ ಬೇಕು? ಈ ಎತ್ತರದ ಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ಬೀಸುವುದು ಪುಕ್ಕಟೆ ತಂಪು. ಅದಕ್ಕೆ ಅರ್ಧ ಬಾಗಿಲು ಮುಚ್ಚಿ ಕೂರುವುದು ನನಗೆ ಅರ್ಥವಾಗದ ಶ್ರೀಮಂತಿಕೆ.

*

ನಾರಾಯಣಖೇಡ. ನೆಂಟರ ಹಳೆಯ ಮನೆ. ಎರಡಡಿ ದಪ್ಪದ ಮಣ್ಣುಕಲ್ಲಿನ ಗೋಡೆ, ಮೇಲೆ ಮಾಳಿಗೆ. ಬೀದಿಗೆ ಒಂದೇ ಖಿಡಕಿ, ಸಾಗವಾನಿ ಚೌಕಟ್ಟಿಗೆ ಅಡ್ಡ ಕಬ್ಬಿಣದ ಸಲಾಕೆ, ಗಾಜಿನ ಸುಳಿವಿಲ್ಲ. ಗೋಡೆ ದಪ್ಪವಾದ್ದರಿಂದ ಖಿಡಕಿ ಒಳಗೆ ಸರಿದು ಕೂತಿದೆ. ಬಿಸಿಲು ಗೋಡೆಯ ಕೆನ್ನೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಖಿಡಕಿಯ ಕಟ್ಟೆಯ ಮೇಲೆ ಆ ಮನೆಯ ಆಯಿ ಕೂತು ಬೀದಿ ನೋಡುತ್ತಾರೆ, ಎಲೆ ಅಡಿಕೆ ಡಬ್ಬಿ ಪಕ್ಕದಲ್ಲಿ. ಮಾಳಿಗೆಯ ನಡುವೆ ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನವೂ ಒಳಗೆ ಹಿತ.

ಹಳೆಯದೆಲ್ಲ ಚಂದ ಅಂತ ಬರೆಯಲು ಕೈ ಓಡುತ್ತದೆ, ತಡೆಯಬೇಕು. ಅಡಿಗೆಮನೆಗೆ ಹೋದೆ. ಹೊಗೆ ಹೋಗಲು ಒಂದು ಗೇಣಿನ ತೂತು, ತೊಲೆಗಳೆಲ್ಲ ಕರ್ರಗೆ. "ನಿಮಗೇನ್ರಿ, ನೋಡ್ಲಿಕ್ಕ ಬರ್ತೀರಿ," ಅಂದರು ಆ ಮನೆಯ ಸೊಸೆ. "ಹಗಲಿನ್ಯಾಗ ಬ್ಯಾಳಿ ಆರಿಸ್ಲಿಕ್ಕ ದೀಪ ಹಾಕ್ಬೇಕು ಇಲ್ಲಿ." ವಿಎಲ್‌ಟಿ ಇಲ್ಲದ ಮನೆಯ ಮೇಲೆ ಇದಕ್ಕಿಂತ ಖಡಕ್ ಟೀಕೆ ಇರಲಾರದು.

*

ತಾಂಡೂರು. ಪಾಲಿಶ್ ಕಾರ್ಖಾನೆಗಳ ಬಿಳಿ ಕೆಸರು ರಸ್ತೆಯವರೆಗೆ. ನೀಲಿ ಫರ್ಸಿ, ಹಳದಿ ಫರ್ಸಿ, ನಿಲ್ಲಿಸಿಟ್ಟ ಸಾಲು ಸಾಲು. ಭೀಮಾ ಸೀಮೆಯ ಸುಣ್ಣದ ಕಲ್ಲು. ಶಹಾಬಾದಿನ ಕಲ್ಲಿಗೆ ಅಣ್ಣತಮ್ಮ. ಪದರು ಪದರಾಗಿ ತಾನೇ ಬಿಡುವುದರಿಂದ ಹಲಗೆ ತೆಗೆಯುವುದು ಸುಲಭ. ಊರಿನ ಹಳೆಯ ಮನೆಗಳಲ್ಲಿ ಖಿಡಕಿಯ ಮೇಲೆ ಇದೇ ಕಲ್ಲಿನ ಚಜ್ಜಾ, ಗೋಡೆಯಿಂದ ಒಂದೂವರೆ ಎರಡಡಿ ಚಾಚಿಕೊಂಡು, ಕೆಳಗೆ ಕಲ್ಲಿನದೇ ಆಸರೆ. ಹೊಸ ಮನೆಗಳಲ್ಲಿ ಚಜ್ಜಾ ಇಲ್ಲ, ಗೋಡೆ ನುಣ್ಣಗೆ. ಎಲಿವೇಶನ್ ಕೆಡುತ್ತದಂತೆ. ಫರ್ಸಿಯ ಊರಿನಲ್ಲೇ ಖಿಡಕಿಗೆ ಫರ್ಸಿಯ ನೆರಳಿಲ್ಲ, ಗಾಜಿಗೆ ಸನ್ ಫಿಲ್ಮ್ ಇದೆ!

ಚಜ್ಜಾದ ಮಹಿಮೆ ಎಷ್ಟು? ಇಲ್ಲಿನ ಅಕ್ಷಾಂಶ 17ರಿಂದ 18 ಡಿಗ್ರಿ. ಏಪ್ರಿಲ್ ನಡುವಿನ ಮಧ್ಯಾಹ್ನ ಸೂರ್ಯ 82 ಡಿಗ್ರಿ ಎತ್ತರದಲ್ಲಿರುತ್ತಾನೆ. ತೆಂಕಣ ಗೋಡೆಗೆ ಒಂದೂವರೆ ಅಡಿ ಚಜ್ಜಾ ಇದ್ದರೆ ನೆರಳು ಹತ್ತಡಿ ಕೆಳಗಿಳಿಯುತ್ತದೆ, ಖಿಡಕಿ ಪೂರಾ ಮುಚ್ಚಿಹೋಗುತ್ತದೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಬಡಗಣಕ್ಕೇ ಸರಿದಿರುತ್ತಾನೆ, ತೆಂಕಣಕ್ಕೆ ಬಾಧೆಯೇ ಇಲ್ಲ. ಡಿಸೆಂಬರಿನಲ್ಲಿ 49 ಡಿಗ್ರಿಗೆ ಇಳಿದಾಗ ನೆರಳು ಒಂದೂ ಮುಕ್ಕಾಲಡಿ ಮಾತ್ರ, ಬೇಕಾದ ಎಳೆಬಿಸಿಲು ಒಳಬರುತ್ತದೆ. ಯಾವ ಲೇಪದ ಗಾಜಿಗೂ ಹೀಗೆ ಋತುಮಾನ ತಿಳಿಯುವುದಿಲ್ಲ.

ಆದರೆ ಪಡುವಣ? ಏಪ್ರಿಲ್ ಸಂಜೆ ಐದೂವರೆಗೆ ಸೂರ್ಯ 15 ಡಿಗ್ರಿಯಲ್ಲಿ, ನೇರ ಎದುರಿಗೆ. ಅದೇ ಚಜ್ಜಾದ ನೆರಳು ಅರ್ಧ ಅಡಿಯೂ ಇಲ್ಲ. ಅಲ್ಲಿ ಬೇಕಾದದ್ದು ಮುಂದೆ ಇಳಿಬಿಡುವ ಬಿದಿರಿನ ತಟ್ಟಿ, ನಿಲುವು ಪಟ್ಟಿಗಳು, ಇಲ್ಲವೇ ಒಂದು ಬೇವಿನ ಮರ. ಒಳಗಿನ ಪರದೆ ತಡವಾದ ಮದ್ದು. ಬಿಸಿಲು ಗಾಜು ದಾಟಿಯಾಗಿದೆ, ಪರದೆಯೇ ಕಾದು ಕೋಣೆಗೆ ಕಾವು ಹಂಚುತ್ತದೆ.

*

ಇಷ್ಟನ್ನೂ ಅಣ್ಣನ ಮುಂದೆ ಹರವಿದೆ. ಅವನು ಲೆಕ್ಕದ ಹಾಳೆ ನೋಡಿದ, ವೈನಿ ಪ್ಲಾನು ನೋಡಿದರು.

"ಮಲಗೋ ಖೋಲಿ ರಸ್ತಾಕ್ಕ ಯಾಕ ಬೇಕು? ಅಲ್ಲಿ ಜಿನಾ ಮತ್ತ ಬಚ್ಚಲು ಹಾಕ್ರಿ, ಖೋಲಿ ಗಲ್ಲಿ ಕಡಿಗಿ ಒಯ್ರಿ."

ಮೆಟ್ಟಿಲು ನೈರುತ್ಯಕ್ಕೆ ಬರಬಹುದೆಂದು ವಾಸ್ತುವಿನವರೂ ಒಪ್ಪಿದರು. ರಸ್ತೆಯ ಕಡೆ ಈಗ ಉಳಿದದ್ದು ಪಡಸಾಲೆಯ ಒಂದೇ ಖಿಡಕಿ, ಅದಕ್ಕೆ ಲೋ-ಇ ಗಾಜು, ಹೊರಗೆ ತಟ್ಟಿ ಕಟ್ಟಲು ನಾಲ್ಕು ಕೊಂಡಿ. ಗಲ್ಲಿಯ ಕಡೆ ಎರಡೂ ಕೇಸ್‌ಮೆಂಟು, ಸಾದಾ ಒಂಟಿ ಗಾಜು, ಮೇಲೆ ತಾಂಡೂರು ಫರ್ಸಿಯ ಚಜ್ಜಾ. ಪಲ್ಲಾ ಹೊರಗೆ ತೆರೆದರೆ ಗ್ರಿಲ್ ಒಳಗೆ ಬರಬೇಕು, ಗ್ರಿಲ್ ಒಳಗೆ ಬಂದರೆ ಜಾಳಿಗೆ ಎಲ್ಲಿ ಎಂಬ ಜಗಳ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಇನ್ನೂ ನಡೆದಿದೆ.